ಚಪಲ್ ನೌಕೆಯ ವಯಸ್ಸು

ಶಾಸನದಲ್ಲಿ ತೇದಿಯಿಲ್ಲದಿದ್ದರೆ ಅಕ್ಷರದ ರೂಪವನ್ನು ನೋಡಿ ಕಾಲವನ್ನು ಗೊತ್ತುಮಾಡುವುದು ನಮ್ಮ ವಿದ್ವಾಂಸರ ಹಳೆಯ ಪದ್ಧತಿ. ನಮ್ಮ ಸಿಂಗಾಪುರಕ್ಕೆ ಅನತಿದೂರದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲನ್ನು, ಅದರಲ್ಲಿ ಬರುವ ಗಂಗ ಶ್ರೀಪುರುಷನ ಹೆಸರನ್ನೂ ಲಿಪಿಯನ್ನೂ ಕೂಡಿಸಿ ಓದಿ, ಸುಮಾರು 750ರದೆಂದು ಹೇಳುತ್ತಾರೆ. ಕಲ್ಲಿನಂತೆ ಹಡಗನ್ನೂ ಹೀಗೆ ಓದಬೇಕಾದೀತೆಂದು ನಾನು ಎಣಿಸಿರಲಿಲ್ಲ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಎಂಬ ಕ್ಷಿಪಣಿ ನೌಕೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. 1971ರ ಯುದ್ಧದಲ್ಲಿ ಹೋರಾಡಿದ ನೌಕೆ ಇದೆಂಬ ಮಾತು ಬಹಳ ಮಂದಿಯ ಬಾಯಲ್ಲಿದೆ. ನಾನೂ ತರಗತಿಯಲ್ಲಿ ಹಲವು ವರ್ಷ ಹಾಗೆಯೇ ಹೇಳಿದ್ದುಂಟು. ಒಮ್ಮೆ ಒಬ್ಬ ವಿದ್ಯಾರ್ಥಿ ಎದ್ದುನಿಂತು, "ಸಾರ್, ಅದು ಸೇವೆಗೆ ಸೇರಿದ್ದೇ 1976ರಲ್ಲಿ ಅಲ್ಲವೇ?" ಎಂದ. ನಾನು ನಿರುತ್ತರನಾದೆ.

ರಜೆಯಲ್ಲಿ ಹೋಗಿ ನೌಕೆಯನ್ನು ನೋಡಿದೆ. ನನ್ನ ಗಮನ ಮೊದಲು ಹೋದದ್ದು ಫಿರಂಗಿಗಳ ಕಡೆಗೆ. ಫಿರಂಗಿ ಬರಿಯ ಕೈ. ಅದಕ್ಕೆ ಕಣ್ಣು ಡೈರೆಕ್ಟರ್ ಎಂಬ ಯಂತ್ರ. ಶತ್ರುವಿನ ದಿಕ್ಕು, ದೂರ, ವೇಗಗಳನ್ನು ಅಳೆದು ಎಲ್ಲಿಗೆ ಗುರಿಯಿಡಬೇಕೆಂದು ತಿಳಿಸುವುದು ಅದರ ಕೆಲಸ. ಸೋವಿಯತ್ ನಿರ್ಮಿತವಾದ ಈ ವರ್ಗದ ನೌಕೆಗಳ ಮುಂದೊಂದು ಹಿಂದೊಂದು 30 ಮಿ.ಮೀ. ಜೋಡಿ ಫಿರಂಗಿ, ಎರಡಕ್ಕೂ ಪೀಪಾಯಿಯಂಥ ಒಂದೇ ರೇಡಾರ್ ಡೈರೆಕ್ಟರ್. ಪಾಶ್ಚಾತ್ಯರು ಅದಕ್ಕಿಟ್ಟ ಹೆಸರು 'ಡ್ರಮ್ ಟಿಲ್ಟ್'. ಆದರೆ 1971ರಲ್ಲಿ ಹೋರಾಡಿದ ನೌಕೆಗಳಲ್ಲೂ ಇದ್ದುದು ಅದೇ. ಆದ್ದರಿಂದ ಡೈರೆಕ್ಟರನ್ನು ನೋಡಿ ಏನನ್ನೂ ನಿರ್ಣಯಿಸುವಂತಿಲ್ಲ.

ಡೈರೆಕ್ಟರ್ ದಾರಿ ತಪ್ಪಿಸುವುದೂ ಉಂಟು. ಲಂಡನ್ನಿನ ಥೇಮ್ಸ್ ನದಿಯಲ್ಲಿರುವ ಬೆಲ್‌ಫಾಸ್ಟ್ ಯುದ್ಧನೌಕೆ 1943ರ ಡಿಸೆಂಬರ್ 26ರಂದು ಜರ್ಮನರ ಷಾರ್ನ್‌ಹಾರ್ಸ್ಟ್ ನೌಕೆಯನ್ನು ಮುಳುಗಿಸಿದ ಕದನದಲ್ಲಿತ್ತು. 1956ರಿಂದ 1959ರವರೆಗೆ ಅದನ್ನು ನವೀಕರಿಸಿದಾಗ ಹೊಸ ಡೈರೆಕ್ಟರುಗಳನ್ನು ಕೂರಿಸಿದರು. ಅವನ್ನು 1943ರವೆಂದು ತಿಳಿದರೆ, ಹಳೆಯ ಗುಡಿಯ ಹೊಸ ಗೋಪುರವನ್ನು ಕಟ್ಟಿಸಿದವನೇ ಗುಡಿಯನ್ನೂ ಕಟ್ಟಿಸಿದನೆಂದಂತೆ.

ಚಪಲ್ ನೌಕೆಯ ಗುಟ್ಟನ್ನು ಬಿಟ್ಟುಕೊಟ್ಟದ್ದು ಅದರ ಕ್ಷಿಪಣಿಗಳ ಗೂಡು. 1971ರ ನೌಕೆಗಳ ಕ್ಷಿಪಣಿಗೆ ಮಡಚಲಾಗದ ರೆಕ್ಕೆಗಳು. ಅದಕ್ಕೆ ಅಗಲವಾದ ಪೆಟ್ಟಿಗೆ ಬೇಕಿತ್ತು. ಮುಂದಿನ ಮಾದರಿಯಲ್ಲಿ ರೆಕ್ಕೆ ಮಡಚುವಂತಾಯಿತು. ದುಂಡನೆಯ ಕೊಳವೆ ಸಾಕಾಯಿತು. ಚಪಲ್ ಮೇಲಿರುವುವು ನಾಲ್ಕೂ ದುಂಡನೆಯವು! ದಾಖಲೆಯೂ ಇದಕ್ಕೆ ಒಪ್ಪುತ್ತದೆ: ಅದು ಸೇವೆಗೆ ಸೇರಿದ್ದು 1976ರ ನವೆಂಬರಿನಲ್ಲಿ, ನಿವೃತ್ತವಾದದ್ದು 2005ರಲ್ಲಿ.

ಇಷ್ಟಕ್ಕೆ ಇಷ್ಟೆಲ್ಲ ಚರ್ಚೆಯೇಕೆಂದು ವಾಚಕರು ಕೇಳಬಹುದು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದವು ನಿಪಾತ್, ನಿರ್ಘಾತ್, ವೀರ್ ನೌಕೆಗಳು. 8ರ ರಾತ್ರಿ ವಿನಾಶ್. ಅವುಗಳಲ್ಲಿ ಪ್ರಾಣವನ್ನು ಪಣಕ್ಕಿಟ್ಟ ನಾವಿಕರ ಕೀರ್ತಿಯನ್ನು ಇನ್ನೊಂದು ಹಡಗಿಗೆ ಹಚ್ಚುವುದು, ಒಬ್ಬ ವೀರನ ಕಲ್ಲಿನಲ್ಲಿ ಮತ್ತೊಬ್ಬನ ಹೆಸರನ್ನು ಕೆತ್ತಿದಂತೆ. ಚಪಲ್ ನೌಕೆಗೂ ಇದರಿಂದ ಗೌರವವಿಲ್ಲ. ಇಪ್ಪತ್ತೆಂಟು ವರ್ಷ ಕಡಲನ್ನು ಕಾಯ್ದದ್ದು ಸಣ್ಣ ಮಾತೇ?

ಕಾಲೇಜು ತೆರೆದ ದಿನ ಆ ವಿದ್ಯಾರ್ಥಿಯ ತರಗತಿಗೇ ಹೋಗಿ, ನಾನು ಹೇಳಿದ್ದು ತಪ್ಪೆಂದು ಒಪ್ಪಿಕೊಂಡೆ. ಆದರೆ ಹಿಂದಿನ ವರ್ಷಗಳಲ್ಲಿ ನನ್ನ ಮಾತನ್ನು ನಂಬಿ ಹೋದವರು ಎಷ್ಟೋ ಮಂದಿ. ಈ ಲೇಖನ ಅವರಿಗಾಗಿ.