ಮನೆಗಣಕಕ್ಕೆ ಬಂದ ಕಾವಲು ಗೋಡೆ

‘ಫೈರ್‌ವಾಲ್’ ಎಂಬುದು ಮೂಲತಃ ಗಣಕಯಂತ್ರದ ಪದವಲ್ಲ. ಒಂದು ಕಟ್ಟಡಕ್ಕೆ ಹತ್ತಿದ ಬೆಂಕಿ ಪಕ್ಕದ್ದಕ್ಕೆ ಹಬ್ಬದಿರಲೆಂದು ನಡುವೆ ಕಟ್ಟುವ ಗೋಡೆಗೆ ಆ ಹೆಸರು. ಗಣಕ ಲೋಕದಲ್ಲಿ ಈ ಪದ ಬಳಕೆಗೆ ಬಂದುದರ ಹಿಂದೆ ವಿಶ್ವಾಸಭಂಗದ ಕಥೆಯೊಂದಿದೆ.

1980ರ ದಶಕದ ಇಂಟರ್‌ನೆಟ್ ಒಂದು ಸಣ್ಣ ಊರಿನಂತಿತ್ತು. ಅಲ್ಲಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯಗಳ, ಸಂಶೋಧನಾ ಕೇಂದ್ರಗಳ ಮಂದಿ; ಬಾಗಿಲಿಗೆ ಅಗುಳಿ ಹಾಕುವ ರೂಢಿ ಕಡಿಮೆ. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಹರಿಯಬಿಟ್ಟ ‘ವರ್ಮ್’, ತನ್ನನ್ನೇ ನಕಲು ಮಾಡಿಕೊಳ್ಳುತ್ತಾ ಗಣಕದಿಂದ ಗಣಕಕ್ಕೆ ದಾಟಿತು. ಜಾಲದಲ್ಲಿದ್ದ ಸುಮಾರು 60,000 ಗಣಕಗಳ ಪೈಕಿ 6,000 ಅದರ ಹಾವಳಿಗೆ ಸಿಕ್ಕಿದವೆಂಬುದು ಆಗಿನ ಅಂದಾಜು. ಸಂಸ್ಥೆಗಳು ತಮ್ಮ ಒಳಜಾಲಕ್ಕೂ ಹೊರಗಿನ ಜಾಲಕ್ಕೂ ನಡುವೆ ಕಾವಲು ಇಡುವ ಕೆಲಸಕ್ಕೆ ಇದರಿಂದ ವೇಗ ಬಂತು. ಬೆಲ್ ಲ್ಯಾಬ್ಸ್‌ನ ಬಿಲ್ ಚೆಸ್ವಿಕ್ ಮತ್ತು ಸ್ಟೀವನ್ ಬೆಲೊವಿನ್ 1994ರಲ್ಲಿ ಈ ವಿದ್ಯೆಯನ್ನು ಪುಸ್ತಕವಾಗಿಸಿದರು.

ಕಾವಲಿನ ಕ್ರಮ ಸರಳ. ಜಾಲದಲ್ಲಿ ಮಾಹಿತಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಪ್ರತಿ ಪೊಟ್ಟಣದ ಮೇಲೂ ಕಳಿಸಿದವರ ವಿಳಾಸ, ಸೇರಬೇಕಾದವರ ವಿಳಾಸ ಇರುತ್ತವೆ. ಸಾಮಾನ್ಯವಾಗಿ ‘ಪೋರ್ಟ್’ ಎಂಬ ಬಾಗಿಲ ಸಂಖ್ಯೆಯೂ ಇರುತ್ತದೆ. ಈ ಸಂಖ್ಯೆಗಳು 65,535ರವರೆಗೂ ಇವೆ. ಫೈರ್‌ವಾಲ್ ಇವನ್ನು ಓದಿ, ನಿಯಮಗಳ ಪಟ್ಟಿಯೊಡನೆ ಹೋಲಿಸಿ, ಒಳಗೆ ಬಿಡುತ್ತದೆ ಇಲ್ಲವೇ ತಡೆಯುತ್ತದೆ. ಒಳಗಿನವರು ಕೇಳಿದ್ದಕ್ಕೆ ಬಂದ ಉತ್ತರ ಯಾವುದು, ಕರೆಯದೇ ಬಂದದ್ದು ಯಾವುದು ಎಂಬ ನೆನಪನ್ನೂ ಮುಂದೆ ಅದಕ್ಕೆ ಕಲಿಸಲಾಯಿತು.

ಮನೆಯ ಗಣಕಕ್ಕೆ ಈ ಕಾವಲು ತಡವಾಗಿ ದೊರೆಯಿತು. ದೂರವಾಣಿಯ ಮೂಲಕ ಆಗಾಗ ಜಾಲ ಸೇರುತ್ತಿದ್ದವರ ಮನೆಗೆ ಸದಾ ತೆರೆದಿರುವ ಬ್ರಾಡ್‌ಬ್ಯಾಂಡ್ ಬಂದಾಗ ಅಪಾಯ ಹೆಚ್ಚಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು. ಆದರೆ ಅದನ್ನು ಬಳಕೆದಾರರೇ ಹುಡುಕಿ ಚಾಲೂ ಮಾಡಬೇಕಿತ್ತು. 2003ರ ಆಗಸ್ಟ್‌ನಲ್ಲಿ ‘ಬ್ಲಾಸ್ಟರ್’ ವರ್ಮ್ 135ನೆಯ ಬಾಗಿಲಿನಿಂದ ನುಗ್ಗಿತು. ಮನೆಯವರು ಯಾವ ಪತ್ರವನ್ನೂ ತೆರೆಯಬೇಕಿರಲಿಲ್ಲ, ಯಾವ ಗುಂಡಿಯನ್ನೂ ಒತ್ತಬೇಕಿರಲಿಲ್ಲ. ದೋಷ ಸರಿಪಡಿಸಿಕೊಳ್ಳದ ಗಣಕ ಕಾವಲಿಲ್ಲದೆ ಜಾಲದಲ್ಲಿದ್ದರೆ ಸಾಕಿತ್ತು. 2004ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಪಿಯ ಎರಡನೆಯ ಪರಿಷ್ಕರಣೆಯೊಡನೆ ಫೈರ್‌ವಾಲ್ ತಾನಾಗಿಯೇ ಚಾಲೂ ಇರುವಂತೆ ಮಾಡಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂದರೂ ಸರಿ, ಆ ಬಾಗಿಲು ಮುಂದಿನ ಎಷ್ಟೋ ದಾಳಿಗಳನ್ನು ತಡೆಯಿತು.

ಆದರೂ ಕಾವಲಿಗೆ ಮಿತಿಯಿದೆ. 2000ದ ಮೇ ತಿಂಗಳಲ್ಲಿ ಲೋಕವನ್ನೇ ಕಾಡಿದ ‘ಐ ಲವ್ ಯೂ’ ವರ್ಮ್ ಬಂದದ್ದು ಪರಿಚಿತರ ಹೆಸರಿನ ಇ–ಮೇಲ್‌ನಲ್ಲಿ. ಲಗತ್ತನ್ನು ತೆರೆದವರು ಮನೆಯವರೇ. ಕರೆಯದೇ ಬಂದವರನ್ನು ದ್ವಾರಪಾಲಕ ತಡೆದಾನು. ಯಜಮಾನನೇ ಕೈಹಿಡಿದು ಕರೆತಂದ ಅತಿಥಿಯನ್ನು ತಡೆಯುವುದು ಅವನಿಗೆ ಕಷ್ಟ. ಆ ಎಚ್ಚರ ಒಳಗಿರುವವರಿಗೆ ಸೇರಿದ್ದು.