ಗ್ರಾಮಸೇವಕ ಹೋದ, ಅಂಗನವಾಡಿ ಟೀಚರ್ ಉಳಿದರು

ನಿಮ್ಮೂರಲ್ಲಿ ಎಂಬತ್ತು ದಾಟಿದವರನ್ನು ಒಮ್ಮೆ ಕೇಳಿ ನೋಡಿ, ಗ್ರಾಮಸೇವಕ ಅಂದರೆ ಯಾರು ಅಂತ. ಸೈಕಲ್ ಮೇಲೆ ಬರುತ್ತಿದ್ದ, ಬೀಜ ಗೊಬ್ಬರದ ವಿಷಯ ಹೇಳುತ್ತಿದ್ದ ಎಂದು ನೆನಪಿಸಿಕೊಳ್ಳುತ್ತಾರೆ. ಆಮೇಲೆ ಅವನು ಎಲ್ಲಿಗೆ ಹೋದ?

1952ರ ಅಕ್ಟೋಬರ್ 2ರಂದು ದೇಶದ 55 ಕಡೆ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಅದು ಬೆಳೆದ ಹಾಗೆ ಸುಮಾರು ನೂರು ಹಳ್ಳಿಗೆ ಒಂದು ಬ್ಲಾಕ್ ಬಂತು. ಬ್ಲಾಕಿಗೊಬ್ಬ ಬಿಡಿಒ, ಹತ್ತು ಗ್ರಾಮಸೇವಕರು, ಇಬ್ಬರು ಗ್ರಾಮಸೇವಕಿಯರು. ಅಂದರೆ ಸೇವಕನಿಗೆ ಹತ್ತು ಹಳ್ಳಿ, ಸೇವಕಿಗೆ ಐವತ್ತು!

ಕೆಲಸ ಇಂಥದ್ದೇ ಅಂತ ಇರಲಿಲ್ಲ. ಜಪಾನ್ ಪದ್ಧತಿಯ ಭತ್ತದ ನಾಟಿ, ತಿಪ್ಪೆಗುಂಡಿ, ಕಕ್ಕಸು, ರಾತ್ರಿ ಶಾಲೆ, ಯುವಕ ಮಂಡಳಿ, ಸಣ್ಣ ಉಳಿತಾಯ, ಎಲ್ಲವೂ ಅವನದೇ. ಮೇಲೆ ಕೃಷಿ, ಪಶು, ಸಹಕಾರ ಅಂತ ಒಂದೊಂದಕ್ಕೆ ಒಬ್ಬೊಬ್ಬ ವಿಸ್ತರಣಾಧಿಕಾರಿ. ಒಬ್ಬರು ಎಷ್ಟು ಮೂಟೆ ಗೊಬ್ಬರ ಹೋಯಿತು ಅನ್ನುವರು, ಇನ್ನೊಬ್ಬರು ಸೊಸೈಟಿಗೆ ಎಷ್ಟು ಸದಸ್ಯರಾದರು ಅನ್ನುವರು. ಊರು ಸುತ್ತಬೇಕಾದವನು ರಿಪೋರ್ಟ್ ಬರೆಯುತ್ತಾ ಕೂತ. ಯೋಜನೆ ಜನರ ಉತ್ಸಾಹ ಎಬ್ಬಿಸಲಿಲ್ಲ ಎಂದು 1957ರಲ್ಲೇ ಬಲವಂತರಾಯ್ ಮೆಹ್ತಾ ಸಮಿತಿ ಹೇಳಿತು.

ಎಪ್ಪತ್ತರ ದಶಕದ ಕೊನೆಗೆ ವಿಶ್ವಬ್ಯಾಂಕಿನ ಸಾಲದ ಜೊತೆ ಹೊಸ ಪದ್ಧತಿ ನಮ್ಮ ರಾಜ್ಯಕ್ಕೂ ಬಂತು. ಕೃಷಿ ಬಿಟ್ಟು ಬೇರೆ ಕೆಲಸ ಬೇಡ, ಗೊತ್ತಾದ ದಿನಕ್ಕೆ ಗೊತ್ತಾದ ಊರು ಅಂತ ಕಟ್ಟು ಮಾಡಿತು. ಗ್ರಾಮಸೇವಕ ಕೃಷಿ ಇಲಾಖೆಯವನಾದ. ರಾಜೀನಾಮೆ ಕೊಡಲಿಲ್ಲ, ಸಂಬಳ ಪಿಂಚಣಿ ಎಲ್ಲ ಇತ್ತು. ಊರಿನ ಕೆಲಸ ಮಾತ್ರ ಅವನ ಕೈ ಬಿಟ್ಟಿತ್ತು.

ಸೇವಕಿಯರ ಕಥೆ ಇನ್ನೂ ಕಷ್ಟ. ಒಂಟಿ ಹುಡುಗಿ, ಪರಸ್ಥಳ. ಐವತ್ತು ಹಳ್ಳಿ ತಿರುಗಲು ಬಸ್ಸಿಲ್ಲ, ಬಾಡಿಗೆಗೆ ಮನೆ ಕೊಡುವವರಿಲ್ಲ, ಜನರ ಬಾಯಿ ಬೇರೆ. ಮದುವೆಯಾದರೆ ಗಂಡನ ಊರು. ಹೇಗೆ ನಿಂತಾರು?

ಇದಕ್ಕೆ ಸರ್ಕಾರ ಕಂಡುಕೊಂಡ ಉಪಾಯವೇ ಅಂಗನವಾಡಿ ಎಂದು ನಮಗನ್ನಿಸುತ್ತದೆ. 1975ರ ಅಕ್ಟೋಬರ್ 2ರಂದು 33 ಕಡೆ ಶುರುವಾದ ಐಸಿಡಿಎಸ್‌ನಲ್ಲಿ ನಮ್ಮ ತಿ. ನರಸೀಪುರವೂ ಇತ್ತು. ಕಾರ್ಯಕರ್ತೆ ಅದೇ ಊರಿನವಳಾಗಿರಬೇಕು. ಮನೆ ಹುಡುಕುವ ಚಿಂತೆ ಇಲ್ಲ, ಬಸ್ಸಿನ ಚಿಂತೆ ಇಲ್ಲ. ಗಂಡ, ಮಕ್ಕಳು, ಎಮ್ಮೆ ಎಲ್ಲ ಇಲ್ಲೇ ಇರುವಾಗ ಅವಳು ಎಲ್ಲಿಗೆ ಹೋದಾಳು? ಆದ್ದರಿಂದ ಸಂಬಳವನ್ನೂ ಕೊಡಲಿಲ್ಲ, ಗೌರವಧನ ಅಂದರು. ಮೆಟ್ರಿಕ್ ಆದವರಿಗೆ ತಿಂಗಳಿಗೆ 150 ರೂಪಾಯಿ, ಆಗದವರಿಗೆ 100.

ಕೆಲಸ ಮಾತ್ರ ಗ್ರಾಮಸೇವಕನ ಹಾಗೆಯೇ ಬೆಳೆಯಿತು. ಮತದಾರರ ಪಟ್ಟಿ, ಸರ್ವೆ, ಈಗ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇವರದು ಸರ್ಕಾರಿ ಹುದ್ದೆಯಲ್ಲ ಎಂದಿತು. 2017ರ ಮಾರ್ಚ್‌ನಲ್ಲಿ ಇವರು ಬೆಂಗಳೂರಿನ ರಸ್ತೆಯಲ್ಲೇ ರಾತ್ರಿ ಮಲಗಿ ಗೌರವಧನ ಹೆಚ್ಚಿಸಿ ಎಂದು ಕೇಳಿದರು. ಗ್ರಾಚ್ಯುಟಿಗೆ ಹಕ್ಕಿದೆ ಎಂದು ಕೋರ್ಟ್ ಒಪ್ಪಲು 2022 ಬರಬೇಕಾಯಿತು. ಅಷ್ಟರಲ್ಲಿ ಮೊದಲ ತಲೆಮಾರಿನವರು ಬರಿಗೈಯಲ್ಲಿ ಮನೆ ಸೇರಿಯಾಗಿತ್ತು.

ಇಪ್ಪತ್ತಾರು ವರ್ಷ ಕೆಲಸ ಮಾಡಿದ ಟೀಚರೊಬ್ಬರನ್ನು, ಯಾಕಮ್ಮ ನೀವು ಬಿಡಲಿಲ್ಲ ಎಂದು ಕೇಳಿದೆವು. "ಬಿಟ್ಟು ಎಲ್ಲಿಗೆ ಹೋಗ್ಲಪ್ಪ, ಮನೆ ಇಲ್ಲೇ ಅಲ್ವಾ" ಅಂದರು. ಮಗಳು ಬಿ.ಇಡಿ ಓದುತ್ತಿದ್ದಾಳಂತೆ. ನಿಮ್ಮ ಜಾಗಕ್ಕೆ ಅವಳು ಬರುತ್ತಾಳಾ ಎಂದಿದ್ದಕ್ಕೆ, "ಅವಳ್ಯಾಕೆ ಬರ್ತಾಳೆ" ಎಂದು ಮೊಟ್ಟೆ ಸುಲಿಯಲು ಒಳಗೆ ಹೋದರು.