ಕ್ಲಿನಿಕ್‌ನ ಸಂದೇಶ ಕನ್ನಡದಲ್ಲಿ ಏಕೆ ಬರುವುದಿಲ್ಲ?

“ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ” ಎಂದು ನಿಮ್ಮ ಡಾಕ್ಟರ ಕ್ಲಿನಿಕ್‌ನಿಂದ ಬರುವ ಎಸ್‌ಎಂಎಸ್ ಅನ್ನು ಹೆಚ್ಚಾಗಿ ಒಂದು ಸಾಫ್ಟ್‌ವೇರ್ ಕಳುಹಿಸುತ್ತದೆ. ಅದಕ್ಕೆ ಕ್ಲಿನಿಕ್ ಚಂದಾ ಕಟ್ಟಬೇಕು, ಜೊತೆಗೆ ಎಸ್‌ಎಂಎಸ್‌ಗಳ ಖರ್ಚು. ಇಲ್ಲಿ ಭಾಷೆಯೂ ಬಿಲ್ಲಿಗೆ ಸೇರುತ್ತದೆ. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ, ಕನ್ನಡದ್ದು 70 ಮಾತ್ರ. ಒತ್ತು, ಗುಣಿತದ ಚಿಹ್ನೆಗಳೂ ಬೇರೆಬೇರೆಯಾಗಿ ಎಣಿಕೆಯಾಗುತ್ತವೆ: ‘ಮಾತ್ರೆ’ ಕಣ್ಣಿಗೆ ಎರಡಕ್ಷರ, ಎಸ್‌ಎಂಎಸ್ ಲೆಕ್ಕದಲ್ಲಿ ಆರು. ಹೀಗೆ ಒಂದೇ ಸೂಚನೆಗೆ ಎರಡು ಮೂರು ಎಸ್‌ಎಂಎಸ್‌ಗಳ ದುಡ್ಡು ಹೋಗುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಈ ತೊಂದರೆಯಿಲ್ಲ. ಸಣ್ಣ ಕ್ಲಿನಿಕ್‌ಗೆ ಸಾಕಾಗುವ ‘ವಾಟ್ಸ್‌ಆ್ಯಪ್ ಬಿಸಿನೆಸ್’ ಆ್ಯಪ್ ಉಚಿತ. ನೂರಾರು ಜನರಿಗೆ ತಾನಾಗಿಯೇ ಕಳುಹಿಸುವ ದುಡ್ಡಿನ ವ್ಯವಸ್ಥೆಯಲ್ಲೂ ದರವನ್ನು ಅಕ್ಷರ ಎಣಿಸಿ ಹಾಕುವುದಿಲ್ಲ. ಹಾಗಾಗಿ ಪುಣೆಯಲ್ಲೋ ಚೆನ್ನೈಯಲ್ಲೋ ಅಮ್ಮನನ್ನು ನೋಡಿಕೊಳ್ಳುತ್ತಿರುವ ನೀವು, ಅವರ ಸೂಚನೆಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕನ್ನಡದಲ್ಲೇ ಕಳುಹಿಸುವಂತೆ ಕೇಳಬಹುದು. ಅಲ್ಲಿ ಕನ್ನಡ ಬಲ್ಲವರಿಲ್ಲದಿದ್ದರೆ ನೀವೇ ಬರೆದುಕೊಡಿ. ಆದರೆ ಪ್ರತಿ ಸಾಲಿನ ಅರ್ಥವನ್ನು ಡಾಕ್ಟರಿಗೆ ಹೇಳಿ ಒಪ್ಪಿಸಿಕೊಳ್ಳಿ. ಫಾರ್ಮಸಿಸ್ಟ್ ಆಗಿ ನನಗಿರುವ ಭಯ ಒಂದೇ. ಚೀಟಿಯಲ್ಲಿ ‘ಬಿ.ಡಿ.’ ಎಂದರೆ ದಿನಕ್ಕೆ ಎರಡು ಸಲ. ಚುಕ್ಕಿ ತಪ್ಪಿ ‘ಬಿಡಿ’ ಎಂದಾದರೆ ಅಮ್ಮ ಮಾತ್ರೆಯನ್ನೇ ಬಿಟ್ಟಾರು. ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದೇ ಬರೆಯಿರಿ.